ಬಂಡಿದಾರಿಯ ಕೆಳಗಿನ ದ್ರಾಕ್ಷಿ

ಮಾವ ತೀರಿಕೊಂಡಾಗ ಇಳಿಜಾರಿನ ದ್ರಾಕ್ಷಿತೋಟ ಇಬ್ಬರು ಗಂಡುಮಕ್ಕಳಿಗೆ ಸಮನಾಗಿ ಹಂಚಿಹೋಯಿತು. ನಡುವೆ ಇದ್ದ ಬಂಡಿದಾರಿಯೇ ಗಡಿ. ಹಿರಿಯರಾದ ಲೆಯೊಂಸ್ ಭಾವ ಮೊದಲು ಆರಿಸಿಕೊಂಡರು. ದಾರಿಯ ಮೇಲಿನ ಪಾಲು ಸಾಕು ಅಂದರು. ಕೆಳಗಿನದು ನನ್ನ ಗಂಡ ಆಂತೆಲ್ಮನಿಗೆ ಬಂತು. ಎತ್ತರದಲ್ಲಿ ಬಿಸಿಲು ಹೆಚ್ಚು, ಹಾಗಾಗಿ ಹಣ್ಣೂ ಹೆಚ್ಚಿನದು ಎಂದು ಭಾವ ನಂಬಿದ್ದರು. ಐದಾರು ಕೊಯ್ಲು ಕಳೆಯುವಷ್ಟರಲ್ಲಿ ಅದು ತಪ್ಪೆಂದು ಮೂವರಿಗೂ ಗೊತ್ತಾಯಿತು. ದಾರಿಯ ಅಂಚು ಬಿಟ್ಟು ಮೇಲೆ ಹತ್ತಿದರೆ ಮಣ್ಣು ಒಂದು ಗೇಣು, ಅದರ ಕೆಳಗೆ ಬರೀ ಬಂಡೆ. ಅಲ್ಲಿಯ ವೈನ್ ನಾಲಿಗೆಗೆ ಚುರುಕು, ಗಂಟಲಿಗಿಳಿದರೆ ಏನೂ ಉಳಿಯದು. ನಮ್ಮದರಲ್ಲಿ ಕೆಂಪು ಜೇಡಿಯೂ ಬಿಳಿ ಕಲ್ಲೂ ಬೆರೆತಿದ್ದವು. ನಮ್ಮ ವೈನಿಗೆ ಮೈ ಇತ್ತು, ರುಚಿ ಬಾಯಲ್ಲಿ ನಿಲ್ಲುತ್ತಿತ್ತು.

ಆದರೂ ಯಾರೂ ಅದನ್ನು ಆಡಿ ತೋರಿಸಲಿಲ್ಲ. ಅಮೆರಿಕದಿಂದ ಬಂದ ಹೇನಿನಂಥ ಹುಳು ಬೇರು ತಿಂದು ನಮ್ಮ ಇಡೀ ಬುರ್ಗುಂಡಿ ಸೀಮೆಯ ಬಳ್ಳಿಗಳನ್ನು ಒಣಗಿಸಿದ ಮೇಲೆ, ಮಾವ ಆ ಹುಳುವಿಗೆ ಸಾಯದ ಅದೇ ಅಮೆರಿಕದ ಬೇರಿಗೆ ನಮ್ಮ ಬಳ್ಳಿಯ ಕಸಿ ಕಟ್ಟಿ ಎರಡೂ ಪಾಲನ್ನು ಮತ್ತೆ ನೆಟ್ಟಿದ್ದರು. ಕಸಿಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬೆನ್ನ ಮೇಲೆ ಹೊತ್ತು ತಂದವರು ಅಣ್ಣತಮ್ಮಂದಿರಿಬ್ಬರೂ. ಆದ್ದರಿಂದ ಹಣ್ಣೆಲ್ಲ ಭಾವನ ಮನೆಯಲ್ಲಿದ್ದ ಮಾವನ ಹಳೆಯ ತೊಟ್ಟಿಗೇ ಹೋಗುತ್ತಿತ್ತು, ಅಲ್ಲೇ ಬೆರೆಯುತ್ತಿತ್ತು, ಪೀಪಾಯಿಗಳ ಮೇಲೆ ಮೊಂತ್‌ವೆರ್ ಎಂಬ ನಮ್ಮ ಊರಿನ ಹೆಸರು ಬರೆಸಿಕೊಂಡು ಬೋನ್ ಪಟ್ಟಣಕ್ಕೆ ಹೋಗುತ್ತಿತ್ತು.

ಒಂದು ವರ್ಷ ಬೋನಿನ ವ್ಯಾಪಾರಿಯೊಬ್ಬ ಮನೆಖರ್ಚಿಗೆಂದು ಬೇರೆ ಇಟ್ಟಿದ್ದ ನಮ್ಮ ಪಾಲಿನ ವೈನನ್ನು ಕುಡಿದು ನೋಡಿದ. ಲೋಟ ಕೆಳಗಿಟ್ಟು, ಇದನ್ನು ಮೇಲಿನದಕ್ಕೆ ಬೆರೆಸಿ ಯಾಕೆ ಹಾಳುಮಾಡುತ್ತಿದ್ದೀರಿ ಎಂದು ಕೇಳಿದ. ಆ ಚಳಿಗಾಲ ಆಂತೆಲ್ಮ್ ಅಣ್ಣನ ಮನೆಗೆ ಹೋಗಿ, ಮುಂದಿನ ಕೊಯ್ಲಿನಿಂದ ನಮ್ಮದನ್ನು ಬೇರೆ ತೊಟ್ಟಿಯಲ್ಲಿ ಹಾಕುತ್ತೇವೆ ಎಂದು ಹೇಳಿ ಬಂದ. ಭಾವ ಬೇಸರಪಡಲಿಲ್ಲವಂತೆ. ಹಂದಿಮಾಂಸದ ಸಾರು ಬಡಿಸಿ, ತಮ್ಮನ ಬೆನ್ನು ತಟ್ಟಿ ಕಳಿಸಿದರಂತೆ. ಹಿಂತಿರುಗಿದ ಆಂತೆಲ್ಮನ ಮುಖ ಎಷ್ಟು ಹಗುರಾಗಿತ್ತೆಂದರೆ, ಇಷ್ಟು ದಿನ ಅವನು ಎಷ್ಟು ಹೆದರಿದ್ದನೆಂಬುದು ನನಗೆ ಆಗ ತಿಳಿಯಿತು.

ಮರುವಸಂತದಲ್ಲಿ ಹೊಸ ಕಾನೂನಿನ ಜನ ಬಂದರು. ಯಾವ ನೆಲದ ದ್ರಾಕ್ಷಿಗೆ ಊರಿನ ಹೆಸರು ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂದು ನಕ್ಷೆಯ ಮೇಲೆ ಗೆರೆ ಎಳೆಯುವುದು ಅವರ ಕೆಲಸ. ಗೆರೆಯ ಹೊರಗುಳಿದದ್ದು ಬರೀ ಸಾದಾ ವೈನ್. ಊರಿನ ಮೇಯರ್ ಆಗಿದ್ದ ಭಾವನೇ ಅವರೊಂದಿಗೆ ತೋಟಗಳನ್ನು ಸುತ್ತಿದರು. ನಾವೂ ಜೊತೆಗೆ ಬರುತ್ತೇವೆ ಅಂದಾಗ ಆಂತೆಲ್ಮನಿಗೆ, "ನೀನ್ಯಾಕೆ ಕೆಲಸ ಬಿಡ್ತೀಯ, ನಾನಿಲ್ವಾ" ಅಂದರು.

ಜೂನ್ ತಿಂಗಳಲ್ಲಿ ಮೇಯರ್ ಕಚೇರಿಯ ಗೋಡೆಗೆ ನಕ್ಷೆ ಹಚ್ಚಿದರು. ಜನ ತಮ್ಮ ತಮ್ಮ ತೋಟ ಹುಡುಕಿ ಬೆರಳಿಟ್ಟು ನಗುತ್ತಿದ್ದರು. ಕೆಂಪು ಗೆರೆ ಬೆಟ್ಟದ ತುದಿಯಿಂದ ಇಳಿದು ಬಂದು ಬಂಡಿದಾರಿಯ ಹತ್ತಿರ ನಿಂತಿತ್ತು; ನಮ್ಮ ಪಾಲು ಪೂರ್ತಿ ಹೊರಗೆ. ಆಂತೆಲ್ಮ್ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ನಕ್ಷೆ ಬರೆದವರು ತಪ್ಪಿರಬೇಕು, ಅಣ್ಣನಿಗೆ ಹೇಳಿದರೆ ಸರಿಮಾಡಿಸುತ್ತಾನೆ ಅಂದ. ನಾನು ಗೆರೆ ನೋಡುತ್ತಿರಲಿಲ್ಲ. ನಕ್ಷೆಯ ಕೆಳಗಿದ್ದ ಭಾವನ ಸಹಿ ನೋಡುತ್ತಿದ್ದೆ.

ಭಾವ ಸಿಗಲಿಲ್ಲ. ಎರಡು ಸಲ ಹೋದರೂ ಮನೆಯಲ್ಲಿಲ್ಲ ಎಂದು ಓರಗಿತ್ತಿ ಬಾಗಿಲಲ್ಲೇ ಹೇಳಿ ಕಳಿಸಿದಳು. ಮೂರನೆಯ ದಿನ ಆಂತೆಲ್ಮ್ ಗುದ್ದಲಿ ತೆಗೆದುಕೊಂಡು ಬಂಡಿದಾರಿಗೆ ಅಡ್ಡಲಾಗಿ ಅಗೆಯತೊಡಗಿದ. ಭಾವನ ಬೇಲಿಯ ಬುಡದಿಂದ ನಮ್ಮ ಮೊದಲ ಸಾಲಿನವರೆಗೆ ಸೊಂಟದಾಳದ ಕಾಲುವೆ. ಊರವರು ಬಂದು ಇಣುಕಿದರು. ದಾರಿಯ ಹತ್ತಿರ ಎರಡೂ ಕಡೆ ಒಂದೇ ಕೆಂಪು, ಒಂದೇ ಬಿಳಿ ಕಲ್ಲು; ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ನಾವು ಬರೆದ ತಕರಾರು ಅರ್ಜಿಗೆ ರುಜು ಹಾಕಿ ಎಂದು ಕೇಳಿದರೆ ಒಬ್ಬನಿಗೆ ಹಸುವಿಗೆ ನೀರು ಕುಡಿಸುವುದಿತ್ತು, ಇನ್ನೊಬ್ಬ ಅಕ್ಷರ ಮರೆತಿದ್ದ. ಅವರ ತೋಟಗಳೆಲ್ಲ ಗೆರೆಯ ಒಳಗಿದ್ದವು. ಸಂಜೆ ಭಾವ ಕಳಿಸಿದ ಚೀಟಿ ಬಂತು: ಸಾರ್ವಜನಿಕ ದಾರಿ ಅಗೆದದ್ದು ಅಪರಾಧ, ನಾಳೆಯೊಳಗೆ ಮುಚ್ಚಬೇಕು.

ಮುಚ್ಚುವ ಮೊದಲು ನಾನು ಎರಡು ಕಡೆಯ ಮಣ್ಣನ್ನೂ ಎರಡು ಡಬ್ಬಿಗಳಲ್ಲಿ ತುಂಬಿಕೊಂಡು ಬೋನಿಗೆ ಹೋದೆ. ಗೆರೆ ಎಳೆದವರಲ್ಲಿ ಒಬ್ಬರು ಮಣ್ಣಿನ ವಿದ್ಯೆ ಓದಿದ ಮುದುಕರು. ಎರಡನ್ನೂ ಬೆರಳಲ್ಲಿ ತಿಕ್ಕಿ ನೋಡಿದರು, ಒಂದು ಚೂರು ಬಾಯಿಗೂ ಹಾಕಿಕೊಂಡರು.

"ಒಂದೇ ಮಣ್ಣಮ್ಮ ಇದು," ಅಂದರು. "ಆದ್ರೆ ಕೆಳಗಡೆ ಚಳಿಗಾಲದಲ್ಲಿ ನೀರು ನಿಲ್ಲುತ್ತಲ್ಲ?"

"ಯಾರು ಹೇಳಿದ್ದು?"

"ನಿಮ್ಮ ಮೇಯರ್ ಬರೆದುಕೊಟ್ಟಿದಾರೆ. ಅದು ತನ್ನ ಸ್ವಂತ ತಮ್ಮನ ತೋಟ, ಆದ್ರೂ ಸುಳ್ಳು ಹೇಳಲಾರೆ ಅಂದ್ರು. ಅಂಥ ಮನುಷ್ಯನ ಮಾತನ್ನ ನಾವು ಹ್ಯಾಗೆ ತೆಗೆದುಹಾಕೋದು?"

ನಮ್ಮ ತೋಟದಲ್ಲಿ ಒಂದು ದಿನವೂ ನೀರು ನಿಂತದ್ದಿಲ್ಲ. ಅರ್ಜಿ ಪ್ಯಾರಿಸಿಗೆ ಕಳಿಸಿ, ವರ್ಷಗಳೇ ಹಿಡಿಯಬಹುದು ಅಂದರು ಆ ಮುದುಕರು. ರೈಲಿನಲ್ಲಿ ಬರುವಾಗ ಡಬ್ಬಿಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಮನೆಗೆ ಬಂದು ಆಂತೆಲ್ಮನಿಗೆ ಎಲ್ಲವನ್ನೂ ಹೇಳಿದೆ. ಅವನು ಬೂಟು ಬಿಚ್ಚುತ್ತಿದ್ದ. ಒಂದನ್ನು ಬಿಚ್ಚಿ, ಇನ್ನೊಂದನ್ನು ಬಿಚ್ಚದೆಯೇ ಎದ್ದು ಅರ್ಜಿ ತಂದ. ಅದಕ್ಕೆ ನಾವಿಬ್ಬರೇ ರುಜು ಹಾಕಿ ಪ್ಯಾರಿಸಿಗೆ ಕಳಿಸಿದೆವು. ಭಾನುವಾರ ಚರ್ಚಿನಲ್ಲಿ ಭಾವನ ಕುಟುಂಬದ ಪಕ್ಕ ಕೂರುವುದನ್ನು ಬಿಟ್ಟೆವು. ಓರಗಿತ್ತಿ ಎದುರಾದರೆ ನಾನು ರಸ್ತೆ ದಾಟುತ್ತಿದ್ದೆ. ಹಾಗೆ ಮಾಡುವುದು ಸುಲಭವಲ್ಲ. ನನ್ನ ಎರಡೂ ಹೆರಿಗೆಗೆ ಅವಳೇ ಬಂದಿದ್ದವಳು.

ಕೊಯ್ಲಿನ ಮೊದಲ ವಾರ ಕೊನೆಗೂ ಭಾವ ನಮ್ಮ ಅಂಗಳಕ್ಕೆ ಬಂದರು. ಟೋಪಿ ತೆಗೆಯಲಿಲ್ಲ. ಹೆಸರಿಲ್ಲದ ಹಣ್ಣನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ಮೊದಲಿನ ಹಾಗೆ ನನ್ನ ತೊಟ್ಟಿಗೆ ಹಾಕಿ, ಯಾರು ನೋಡುತ್ತಾರೆ ಅಂದರು. ನನ್ನ ಕೈಯಲ್ಲಿ ತೊಳೆಯುತ್ತಿದ್ದ ಬುಟ್ಟಿ ಇತ್ತು.

"ನೀರು ನಿಲ್ಲೋ ನೆಲದ ಹಣ್ಣು ನಿಮಗ್ಯಾಕೆ ಭಾವ?" ಅಂದೆ.

ಅವರು ನನ್ನ ಕಡೆ ತಿರುಗಲೇ ಇಲ್ಲ. ತಮ್ಮನಿಗೆ, "ಯೋಚನೆ ಮಾಡು" ಅಂದು ಹೋದರು. ಆಂತೆಲ್ಮ್ ನನ್ನ ಕೈಯಿಂದ ಬುಟ್ಟಿ ಕಸಿದುಕೊಂಡು ಜೋರಾಗಿ ಉಜ್ಜತೊಡಗಿದ. ಅಣ್ಣನ ಮೇಲಿನ ಸಿಟ್ಟು ಎಂದು ನಾನು ತಿಳಿದೆ.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ಕೊಯ್ಯುವವರಿಗೆ ರೊಟ್ಟಿ, ಚೀಸು ಹೊತ್ತುಕೊಂಡು ಹೋಗುತ್ತಿದ್ದೆ. ನಮ್ಮ ಕುದುರೆಬಂಡಿ ಮನೆಯ ಕಡೆಗೆ ತಿರುಗದೆ ಬಂಡಿದಾರಿ ಹತ್ತಿ ಮೇಲೆ ಹೋಗುತ್ತಿತ್ತು. ಕಡಿವಾಣ ಹಿಡಿದಿದ್ದವನು ಆಂತೆಲ್ಮ್. ನಾನು ಬುಟ್ಟಿ ಇಳಿಸಿ ಬಂಡಿಯ ಮುಂದೆ ನಿಂತೆ.

"ಎಷ್ಟನೇ ಬಂಡಿ ಇದು?"

"ಬೆಳಗಿನಿಂದ ಆರನೇದು."

"ನಂಗೆ ಹೇಳ್ಲಿಲ್ಲ."

"ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ ಜೆಲಿ." ಅವನು ಕುದುರೆಯ ಕತ್ತು ಸವರುತ್ತ ಮಾತಾಡಿದ. "ಅಪ್ಪ ನೆಟ್ಟ ಬಳ್ಳಿ. ರೈಲ್ವೆ ಕೂಲಿಯವ್ರು ತಗಡಿನ ಲೋಟದಲ್ಲಿ ಕುಡಿಯೋ ವೈನ್ ಆಗ್ಬೇಕಾ ಅದು? ಅಲ್ಲಿ ಹೋದ್ರೆ ಹೆಸರಾದ್ರೂ ಇರುತ್ತೆ."

"ಯಾರ ಹೆಸರು?"

ಅವನು ಬಂಡಿಯನ್ನು ನನ್ನ ಪಕ್ಕದಿಂದ ಸುತ್ತಿಸಿಕೊಂಡು ಹೋದ. ಭಾವ ಮಾಡಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು, ಸಿಟ್ಟು ನನ್ನನ್ನು ನಿಲ್ಲಿಸಿತ್ತು. ಇದಕ್ಕೆ ಸಿಟ್ಟೂ ಬರಲಿಲ್ಲ. ಆರು ಬಂಡಿಗಳ ಹೊತ್ತೂ ನಾನು ಬೆನ್ನು ಬಗ್ಗಿಸಿ ಹಣ್ಣು ಕೊಯ್ದಿದ್ದೆ, ಅವು ಎಲ್ಲಿಗೆ ಹೋಗುತ್ತಿವೆ ಎಂದು ತಲೆಯೆತ್ತಿ ನೋಡಿರಲಿಲ್ಲ. ಕೊಯ್ಯಲು ಬಂದಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ರೊಟ್ಟಿ ಹಂಚುವಾಗ ಒಬ್ಬಳೂ ನನ್ನ ಮುಖ ನೋಡಲಿಲ್ಲ.

ಎರಡು ವರ್ಷದ ಮೇಲೆ ಭಾವನ ತೊಟ್ಟಿಯ ಆ ವೈನಿಗೆ ಜಿಲ್ಲೆಯ ಪ್ರದರ್ಶನದಲ್ಲಿ ಪದಕ ಬಂತು. ಭಾವ ವೇದಿಕೆ ಹತ್ತಿ, ಇದು ಬೆಟ್ಟದ ಮೇಲಿನ ಬಿಸಿಲಿನ ಗುಣ ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಪಕ್ಕದಲ್ಲಿ ಆಂತೆಲ್ಮನೂ ಹೊಡೆದ, ಎರಡು ಸಲ. ಆಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ನಾನು ಎದ್ದು ಹೊರಗೆ ಬಂದೆ.

ನಮ್ಮ ಪಾಲಿನ ಕೆಳಗಂಚಿಗೆ ಹೊಂದಿಕೊಂಡಿದ್ದ ಹದಿನಾಲ್ಕು ಸಾಲು ಮಾವನ ಆಸ್ತಿಯಲ್ಲ, ಮದುವೆಯಲ್ಲಿ ನನ್ನ ಅಪ್ಪ ನನ್ನ ಹೆಸರಿಗೆ ಬರೆದುಕೊಟ್ಟದ್ದು. ಅಂದಿನವರೆಗೂ ಅದನ್ನು ಬೇರೆ ಎಂದು ನಾನೇ ಎಣಿಸಿರಲಿಲ್ಲ. ಆ ಚಳಿಗಾಲ ಅವುಗಳ ಕಡ್ಡಿಗಳನ್ನು ಒಬ್ಬಳೇ ಕತ್ತರಿಸಿದೆ, ಶರತ್ಕಾಲದಲ್ಲಿ ಒಬ್ಬಳೇ ಕೊಯ್ದೆ, ದನದ ಕೊಟ್ಟಿಗೆಯಲ್ಲಿ ಒಂದು ತೊಟ್ಟಿ ಇಟ್ಟು ಕಾಲಿನಿಂದಲೇ ತುಳಿದೆ. ಆದದ್ದು ಮೂರು ಪೀಪಾಯಿ. ಪ್ಯಾರಿಸಿನಿಂದ ಇನ್ನೂ ಉತ್ತರ ಬಂದಿರಲಿಲ್ಲ; ಕಾನೂನಿನ ಪ್ರಕಾರ ಅದಕ್ಕೆ ಯಾವ ಊರಿನ ಹೆಸರೂ ಇಲ್ಲ. ಸೇತುವೆ ಕೆಲಸಕ್ಕೆ ಬಂದಿದ್ದ ಆಳುಗಳು ಕೊಂಡುಕೊಂಡು ಹೋಗಿ ಮುಗಿಸಿದರು, ಮರುವರ್ಷ ಮತ್ತೆ ಕೇಳಿಕೊಂಡು ಬಂದರು.

ಆ ಮರುವರ್ಷ ಪೀಪಾಯಿಗಳನ್ನು ತೊಳೆಯುವಾಗ ಆಂತೆಲ್ಮ್ ಬಂದು ನೀರು ಸೇದಿ ಕೊಡತೊಡಗಿದ. ನಾನು ಬೇಡ ಅನ್ನಲಿಲ್ಲ. ನಮ್ಮ ಉಳಿದ ಸಾಲುಗಳ ಹಣ್ಣನ್ನು ಅವನು ಆಗಲೂ ಅಣ್ಣನ ತೊಟ್ಟಿಗೇ ಸಾಗಿಸುತ್ತಿದ್ದ. ಅವನು ಸೇದಿಕೊಟ್ಟ ನೀರಿನಲ್ಲಿ ನಾನು ನನ್ನ ಪೀಪಾಯಿಗಳನ್ನು ತೊಳೆದು ಮುಗಿಸಿದೆ.