ಮುದ್ರೆ ಮಾವ ತೂಗದೆ ಒಪ್ಪಿಕೊಂಡ ನೋಟಿಸು

ಸರ್ಕಾರಿ ಮೊಹರಿನ ಲಕೋಟೆ ಬಾಗಿಲಿಗೆ ಬಂದರೆ ಯಾರ ಎದೆ ತಾನೇ ಧಸಕ್ಕೆನ್ನುವುದಿಲ್ಲ? ಒಡೆದ ಮೇಲೆ, ಅರ್ಥವಾಗದ ಹತ್ತು ಸಾಲುಗಳ ನಡುವೆ ಅರ್ಥವಾಗುವ ಒಂದೇ ಸಾಲು ಕಣ್ಣಿಗೆ ರಾಚುತ್ತದೆ: ಇಷ್ಟು ಹಣ ಕಟ್ಟಿ.

ಮುದ್ರೆ ಮಾವನಿಗೆ ಆದದ್ದೂ ಅದೇ.

ಮುದ್ರೆ ಮಾವ ಎಂದರೆ ಪೇಟೆಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ನಿವೃತ್ತಿಯಾಗುವವರೆಗೆ ತೂಕ ಮತ್ತು ಅಳತೆ ಕಚೇರಿಯಲ್ಲಿ ಅವರ ಕೆಲಸ. ಸಾಹೇಬರ ಹಿಂದೆ ಸರಿತೂಕದ ಬಟ್ಟುಗಳ ಪೆಟ್ಟಿಗೆ ಹೊತ್ತು ಅಂಗಡಿಯಿಂದ ಅಂಗಡಿಗೆ ತಿರುಗಿ, ಸರಿಯಿದ್ದ ತಕ್ಕಡಿಗೆ ಮುದ್ರೆ ಒತ್ತಿ, ಸರಿಯಿಲ್ಲದ್ದನ್ನು ಗಾಡಿಗೆ ಹಾಕಿಸಿ ಸವೆದ ಜೀವ. ಯಾವ ಅಂಗಡಿಯಲ್ಲೂ ಬಿಟ್ಟಿ ಚಹಾ ಕುಡಿದವರಲ್ಲ. ಅಂಗಡಿಯವರು ಏನೇ ಸಬೂಬು ಹೇಳಲಿ, ಅವರದು ಒಂದೇ ಮಾತು: "ಬಾಯಿ ಆಮೇಲೆ ಬಿಡಪ್ಪಾ. ಮೊದಲು ಖಾಲಿ ತಟ್ಟೆ ಎತ್ತಿ ಹಿಡಿ. ಮುಳ್ಳು ನಡುವೆ ನಿಲ್ಲತ್ತಾ ನೋಡೋಣ."

ಅಂಥವರ ಮನೆಗೆ ನೋಟಿಸು ಬಂತು. ನಿವೃತ್ತಿಯಾದ ಮೇಲೆ ನಿಮಗೆ ಹೆಚ್ಚುವರಿ ಪಿಂಚಣಿ ಪಾವತಿಯಾಗಿದೆ, ಅದನ್ನು ಮರಳಿಸತಕ್ಕದ್ದು ಎಂದಿತ್ತು. ಕೆಳಗಿದ್ದ ಮೊತ್ತ ಅವರ ಎರಡು ವರ್ಷದ ಪಿಂಚಣಿಗೆ ಸಮ.

ಹಾಳೆಯ ಹಿಂಬದಿಯಲ್ಲೂ ಅಕ್ಷರಗಳಿದ್ದವು. ಮಾವ ಅದನ್ನು ತಿರುಗಿಸಲಿಲ್ಲ. ಅವರ ಕಿವಿಯಲ್ಲಿ 'ಹೆಚ್ಚುವರಿ' ಎಂಬ ಪದವೊಂದೇ ಗುಂಯ್‌ಗುಡುತ್ತಿತ್ತು. ಇಷ್ಟು ವರ್ಷ ಅವರು ಊರಿನವರ ತಕ್ಕಡಿ ಜಪ್ತಿ ಮಾಡಿಸಿದ್ದರು. ಈಗ ನಡುಬೀದಿಯಲ್ಲಿ ತಮ್ಮದನ್ನೇ ಜಪ್ತಿ ಮಾಡಿದಂತಾಯಿತು.

ಹೆಂಡತಿಗೆ ಹೇಳಲಿಲ್ಲ. ನೋಟಿಸನ್ನು ಟ್ರಂಕಿನ ತಳಕ್ಕೆ ಸೇರಿಸಿ, ಮರುದಿನವೇ ಕಚೇರಿಗೆ ಹೋದರು. ಕಿಟಕಿಯ ಹಿಂದಿದ್ದ ಗುಮಾಸ್ತ, "ಯಜಮಾನ್ರೇ, ನಿಮ್ಮದೇನಾದ್ರೂ ತಕರಾರಿದ್ರೆ..." ಎಂದು ಶುರು ಮಾಡಿದ.

"ತಕರಾರಿಲ್ಲಪ್ಪಾ. ಕಟ್ಟಿಸ್ಕೋ. ಸ್ವಲ್ಪ ಮೆಲ್ಲಗೆ ಮಾತಾಡು."

ಹಿಂದೆ ಸಾಲಿನಲ್ಲಿ ನಿಂತವರಿಗೆ ಎಲ್ಲಿ ಕೇಳಿಸಿತೋ ಎಂಬ ಅಂಜಿಕೆ. ಕೂಡಿಟ್ಟದ್ದನ್ನೆಲ್ಲ ಕಟ್ಟಿದರು. ಉಳಿದದ್ದಕ್ಕೆ ಪ್ರತಿ ತಿಂಗಳು ಅರ್ಧ ಪಿಂಚಣಿ ಮುರಿದುಕೊಳ್ಳಿ ಎಂದು ಸಹಿ ಹಾಕಿ, ತಲೆ ತಗ್ಗಿಸಿ ಹೊರಬಂದರು.

ಮನೆ ಒಳಗೊಳಗೇ ಬಡಕಲಾಯಿತು. ಮೊದಲು ಹಾಲು ಅರ್ಧವಾಯಿತು. ಆಮೇಲೆ ಮಾವ ಬಸ್ಸು ಬಿಟ್ಟು ಎಲ್ಲಿಗೂ ನಡೆದೇ ಹೊರಟರು. ಬಚ್ಚಲಿನ ದೀಪ ಸುಟ್ಟುಹೋದದ್ದು ಹಾಗೇ ಉಳಿಯಿತು.

"ಏನೂಂದ್ರೆ, ಪಿಂಚಣಿ ಕಮ್ಮಿ ಬಂತಾ?" ಹೆಂಡತಿ ಒಂದು ದಿನ ಕೇಳಿದರು. ಅವರು ದರ್ಜಿಯವನಿಗೆ ಗುಂಡಿ ಹಾಕಿಕೊಡುವ ಕೆಲಸ ಮಾಡುತ್ತಿದ್ದರು. ಮಡಿಲಲ್ಲಿ ಸದಾ ಯಾರದೋ ಅಂಗಿ.

"ಎಲ್ಲ ಬೆಲೆ ಏರಿದೆ ಕಣೇ. ದುಡ್ಡಿಗೆ ರೆಕ್ಕೆ ಬಂದಿದೆ."

"ನಮ್ಮ ಮನೆ ದುಡ್ಡಿಗೆ ಮಾತ್ರ ಬಂದ ಹಾಗಿದೆ," ಎಂದು ಅವರು ಸೂಜಿಗೆ ದಾರ ಪೋಣಿಸಲು ಕಿಟಕಿಯ ಕಡೆ ಹೊರಳಿದರು. ದಾರ ಸೂಜಿಯ ಪಕ್ಕದಲ್ಲೇ ಹಾದುಹೋಯಿತು. ಮತ್ತೊಮ್ಮೆ ಪ್ರಯತ್ನಿಸಿದರು. ಮಾವ ಅದನ್ನು ನೋಡಲಿಲ್ಲ. ಅವರು ನೆಲ ನೋಡುತ್ತ ಕೂತಿದ್ದರು.

ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಮಾವ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆ ತಕ್ಕಡಿ ಹಿಡಿದು ದಿನಸಿ ಅಂಗಡಿಗೆ ಹೋದರು. ನಿವೃತ್ತಿಯ ದಿನ ಕಚೇರಿಯವರು ನೆನಪಿಗೆಂದು ಕೊಟ್ಟದ್ದು ಅದು. ದಿನಸಿ ಅಂಗಡಿಯಾಕೆಗೆ ಬೀದಿಯವರಿಟ್ಟ ಹೆಸರು ಚಿಲ್ಲರೆ ಅಕ್ಕ. ಚಿಲ್ಲರೆ ತರದೆ ಬಂದವರನ್ನು ಆಕೆ ಬೈಯದೆ ಕಳಿಸಿದ ದಿನವಿಲ್ಲ. ಒಂದು ಕಾಲದಲ್ಲಿ ಆಕೆಯ ತಕ್ಕಡಿಯ ತಟ್ಟೆಯಡಿ ಮೇಣದ ಉಂಡೆ ಅಂಟಿಸಿದ್ದನ್ನು ಹಿಡಿದವರು ಇದೇ ಮಾವ.

"ಬನ್ನಿ ಮಾವ, ಬನ್ನಿ. ರಿಟೈರಾದ್ರೂ ಚಟ ಬಿಟ್ಟಿಲ್ವಾ? ಈಗ ನಂದು ಕರೆಂಟಿನ ತಕ್ಕಡಿ. ಮೇಣ ಅಂಟಿಸೋಕೆ ಜಾಗಾನೇ ಇಲ್ಲ!"

ಮಾವ ನಗಲಿಲ್ಲ. ಗಂಟು ಬಿಚ್ಚಿ ಗಲ್ಲಾದ ಮೇಲಿಟ್ಟರು. "ಇದನ್ನ ತಗೋತೀಯೇನಮ್ಮಾ? ಗಟ್ಟಿ ಹಿತ್ತಾಳೆ."

"ಮಾರೋಕಾ? ಇದು ಕಚೇರಿಯವರು ಕೊಟ್ಟಿದ್ದಲ್ವಾ?"

"ಸುಮ್ನೆ ಧೂಳು ಹಿಡೀತಿದೆ. ಒರೆಸೋರು ಯಾರು."

"ಮಾವ, ಸುಳ್ಳು ಹೇಳೋದೂ ಒಂದು ಕಸುಬು. ನಿಮಗೆ ಬರಲ್ಲ. 'ನಾಳೆ ಕೊಡ್ತೀನಿ ಅಕ್ಕಾ' ಅಂತ ದಿನಾ ಕೇಳಿ ಕೇಳಿ ನನ್ನ ಕಿವಿ ಪಳಗಿದೆ." ಆಕೆ ದನಿ ತಗ್ಗಿಸಿದಳು. "ಮೊನ್ನೆ ನಿಮ್ಮನೆ ಅತ್ತೆ ಅಂಗಡಿಗೆ ಬಂದಿದ್ರು. ಎಡಗಡೆ ಸಕ್ಕರೆ ಮೂಟೆ ಇತ್ತು. ಎಡವಿ ಬಿದ್ದೇ ಬಿಡ್ತಿದ್ರು. ಆನೆ ಅಷ್ಟು ದೊಡ್ಡ ಮೂಟೆ ಕಾಣಲಿಲ್ಲ ಅವರಿಗೆ. ಯಾವಾಗಿಂದ ಹೀಗೆ?"

ಮಾವನಿಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು ಗೊತ್ತಿರಲಿಲ್ಲ. ಅವರು ಅಲ್ಲೇ ಎಣ್ಣೆ ಡಬ್ಬದ ಮೇಲೆ ಕೂತುಬಿಟ್ಟರು. ತಿಂಗಳುಗಟ್ಟಲೆ ಬಚ್ಚಿಟ್ಟಿದ್ದ ಮಾತು ಆಗ ಹೊರಬಂತು: ನೋಟಿಸು, ಕಟ್ಟಿದ್ದು, ಕಟ್ಟುತ್ತಿರುವುದು, ಎಲ್ಲ.

"ಕಳ್ಳ ಅಂತ ಬರೆದಿದಾರಾ?" ಎಂದಳು ಚಿಲ್ಲರೆ ಅಕ್ಕ.

"ಹಾಗಲ್ಲ. ಹೆಚ್ಚು ಬಂದಿದೆ ಅಂತ."

"ಹೆಚ್ಚು ಹಾಕಿದ್ದು ಯಾರು? ನೀವು ಅವರ ಪೆಟ್ಟಿಗೆಗೆ ಕೈ ಹಾಕಿದ್ರಾ?"

"ಇಲ್ಲ..."

"ಯಾವ ತಿಂಗಳಿಂದ ಯಾವ ತಿಂಗಳವರೆಗೆ ಹೆಚ್ಚು ಬಂತು? ಯಾಕೆ ಬಂತು? ಲೆಕ್ಕ ಕೇಳಿದ್ರಾ?"

"ಸರ್ಕಾರದ ಲೆಕ್ಕ ಕಣಮ್ಮಾ. ಅದು ತಪ್ಪಿರತ್ತಾ?"

"ಓಹೋ! ತಪ್ಪಿರೋದು ನಮ್ಮ ತಕ್ಕಡಿ ಮಾತ್ರ!" ಆಕೆ ಹಿತ್ತಾಳೆ ತಕ್ಕಡಿಯನ್ನು ಎತ್ತಿ ಅವರ ಮುಖದ ಮುಂದೆ ಹಿಡಿದಳು. ಖಾಲಿ ತಟ್ಟೆಗಳು ತೂಗಾಡಿದವು. "ಅವತ್ತು ಗಿರಾಕಿಗಳ ಮುಂದೆ ನನಗೆ ಏನು ಹೇಳಿದ್ರಿ? ಖಾಲಿ ತಟ್ಟೆ ಎತ್ತಿ ಹಿಡಿ, ಮುಳ್ಳು ನೋಡೋಣ ಅಂತ. ನನಗೊಂದು ನ್ಯಾಯ, ಅವರಿಗೊಂದು ನ್ಯಾಯಾನಾ ಮಾವ?"

ಮಾವ ತಕ್ಕಡಿಯ ಮುಳ್ಳನ್ನೇ ನೋಡಿದರು. ಆದರೂ ಅಂಜಿಕೆ ಬಿಡಬೇಕಲ್ಲ. "ಕೇಳಿದ್ರೆ ಇರೋ ಪಿಂಚಣೀನೂ ನಿಲ್ಲಿಸಿಬಿಟ್ರೆ?"

"ಕೇಳಿದವರ ಪಿಂಚಣಿ ನಿಲ್ಲಿಸೋ ಹಾಗಿದ್ರೆ ನಮ್ಮಮ್ಮ ಯಾವತ್ತೋ ಉಪವಾಸ ಇರ್ಬೇಕಿತ್ತು. ಅವಳು ಆಸ್ಪತ್ರೇಲಿ ಆಯಾ ಆಗಿದ್ಲಲ್ಲ, ಅವಳಿಗೂ ಇಂಥದ್ದೇ ಬಂದಿತ್ತು. ಅವಳು ಅತ್ಲು. ನಾನು ಜಗಳಕ್ಕೆ ಹೋದೆ. ಎರಡರಿಂದಲೂ ಏನೂ ಆಗಲಿಲ್ಲ. ಕೊನೆಗೆ ಉಚಿತ ಕಾನೂನು ಸಲಹೆ ಕೇಂದ್ರದ ಮೇಡಂ ಹೇಳಿದ್ರು, ಕೂಗಬೇಡಿ, ಬರೆದು ಕೊಡಿ ಅಂತ. ಬರೆದು ಕೊಟ್ವಿ. ಲೆಕ್ಕ ಬಂತು."

"ತಪ್ಪಿತ್ತಾ?"

"ಇಲ್ಲ ಮಾವ, ಸರಿಯಾಗಿತ್ತು. ಕಟ್ಟಲೇಬೇಕಾಯ್ತು. ಆದ್ರೆ ತಿಂಗಳಿಗೆ ಇಷ್ಟಿಷ್ಟೇ ಅಂತ ಸಣ್ಣ ಕಂತು ಕೇಳಿದ್ವಿ, ಕೊಟ್ರು. ಅವಳ ಮಾತ್ರೆ ಒಂದು ಹೊತ್ತೂ ತಪ್ಪಲಿಲ್ಲ. ನಡೀರಿ ಮನೆಗೆ. ಈ ತಕ್ಕಡಿ ನನಗೆ ಬೇಡ, ಇದನ್ನ ನೋಡಿದ್ರೆ ಹಳೇ ಗಾಯ ಉರಿಯತ್ತೆ."

ಮನೆಯಲ್ಲಿ ಅತ್ತೆ ಕಿಟಕಿಗೆ ಮುಖ ಒಡ್ಡಿ ಕೂತಿದ್ದರು. ಟ್ರಂಕಿನ ತಳದಿಂದ ನೋಟಿಸು ಬಂತು. ಚಿಲ್ಲರೆ ಅಕ್ಕ ಹಾಳೆ ತಿರುಗಿಸಿ, ಬೆರಳಿಟ್ಟು ಓದಿದಳು. ಒಂದು ಭತ್ಯೆ ತಪ್ಪಾಗಿ ಎರಡು ಸಲ ಸೇರಿದೆ. ಆಕ್ಷೇಪಣೆ ಇದ್ದರೆ ಇಷ್ಟು ದಿನದೊಳಗೆ ಲಿಖಿತವಾಗಿ ತಿಳಿಸುವುದು. ಆ ಗಡುವು ಎಂದೋ ದಾಟಿತ್ತು.

ಅತ್ತೆ ಕೂತಲ್ಲೇ ಕೇಳಿಸಿಕೊಂಡರು. ಗಂಡನ ಕಡೆ ತಿರುಗಲೂ ಇಲ್ಲ.

"ಅತ್ತೆ, ಕಣ್ಣಿಗೆ ಹನಿ ಹಾಕ್ಕೋತಿದ್ರಲ್ಲ, ಆ ಔಷಧಿ ಎಲ್ಲಿ?" ಎಂದಳು ಚಿಲ್ಲರೆ ಅಕ್ಕ.

ಕಿಟಕಿಯ ಕಟ್ಟೆಯ ಮೇಲೆ ಸೀಸೆ ಇತ್ತು. ದಿನಾ ಬೆಳಿಗ್ಗೆ ಅವರು ತಲೆ ಹಿಂದಕ್ಕೆ ಚೆಲ್ಲಿ ಅದನ್ನು ಕಣ್ಣಿಗೆ ಹಿಡಿಯುವುದನ್ನು ಮಾವ ನೋಡಿದ್ದರು. ಚಿಲ್ಲರೆ ಅಕ್ಕ ಅದನ್ನು ಬೆಳಕಿಗೆ ಹಿಡಿದಳು. ಒಳಗೆ ಒಣಗಿತ್ತು. ಒಂದು ಹನಿಯೂ ಇರಲಿಲ್ಲ.

ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಅವರದು. ಹನಿ ಹಾಕುವುದನ್ನು ನಿಲ್ಲಿಸಿದರೆ ನೋಟ ಅಂಚಿನಿಂದ ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಮೊದಲ ದಿನವೇ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು.

"ಖಾಲಿ ಸೀಸೆ ಹಿಡೀತಿದ್ಯಾ ಇಷ್ಟು ದಿನ?" ಮಾವನ ದನಿ ಒಡೆಯಿತು.

"ನೀವು ಹಾಲು ಬಿಟ್ರಿ. ಬಸ್ಸು ಬಿಟ್ರಿ. ನಾನೂ ಏನಾದ್ರೂ ಬಿಡಬೇಡ್ವಾ?" ಎಂದರು ಅತ್ತೆ. "ನೋವೇನೂ ಇರಲಿಲ್ಲ. ನೋವಿಲ್ಲದ್ದಕ್ಕೆ ಅಷ್ಟು ದುಡ್ಡು ಯಾಕೆ ಅಂತ..."

"ನನಗೊಂದು ಮಾತು ಹೇಳಬಹುದಿತ್ತಲ್ಲೇ."

"ನೀವು ನನಗೆ ಹೇಳಿದ್ರಾ?"

ಚಿಲ್ಲರೆ ಅಕ್ಕ ಸೀಸೆಯ ಮೇಲಿನ ಚೀಟಿ ಕಿತ್ತುಕೊಂಡು ಎದ್ದಳು. "ಔಷಧಿ ನಾನು ತರ್ತೀನಿ, ನನ್ನ ಲೆಕ್ಕಕ್ಕೆ ಬರ್ಕೋತೀನಿ. ನಾಳೆ ಮೊದಲು ಕಣ್ಣಾಸ್ಪತ್ರೆ, ಆಮೇಲೆ ಕಾನೂನು ಕೇಂದ್ರ. ಮಾವ, ಪಾಸ್‌ಪುಸ್ತಕ ಎಲ್ಲಾ ತೆಗೆದಿಡಿ."

ಕಾನೂನು ಕೇಂದ್ರದ ಮೇಡಂ ಗದರಿಸಲಿಲ್ಲ, ಪುಸಲಾಯಿಸಲೂ ಇಲ್ಲ. "ಗಡುವು ದಾಟಿದ್ರೂ ಬರೀಬಹುದು. ಯಾಕೆ ತಡವಾಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳೋಣ," ಎಂದರು. ಅರ್ಜಿ ಸರಳವಾಗಿತ್ತು. ತಿಂಗಳುವಾರು ಲೆಕ್ಕ ಕೊಡಿ. ಈ ತಪ್ಪು ನನ್ನಿಂದ ಆದದ್ದಲ್ಲ, ನಾನು ಏನನ್ನೂ ಮುಚ್ಚಿಟ್ಟಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾರೆ, ತೀರ್ಮಾನವಾಗುವವರೆಗೆ ಕಡಿತ ನಿಲ್ಲಿಸಿ. ಕೊಡಬೇಕಾದದ್ದು ಇದ್ದರೆ ಮನ್ನಾ ಮಾಡಿ, ಇಲ್ಲವೇ ಸಣ್ಣ ಕಂತು ಮಾಡಿಕೊಡಿ.

ಕಚೇರಿಯಲ್ಲಿ ಅದೇ ಗುಮಾಸ್ತನಿದ್ದ. ಅರ್ಜಿ ತೆಗೆದುಕೊಂಡು, "ಆಯ್ತು, ಹೋಗ್ಬನ್ನಿ," ಎಂದ. ಮಾವ ಕದಲಲಿಲ್ಲ.

"ನಕಲಿನ ಮೇಲೆ ಮುದ್ರೆ ಒತ್ತಪ್ಪಾ. ತಾರೀಖು ಹಾಕು."

ಈ ಸಲ ಅವರ ದನಿ ಹಿಂದಿನ ಸಾಲಿಗೂ ಕೇಳಿಸಿತು.

ಕಾಗದ ಮೇಜಿನಿಂದ ಮೇಜಿಗೆ ಹೋಯಿತು, ಎರಡು ಸಲ ಮತ್ತೆ ನೆನಪೋಲೆ ಬರೆಯಬೇಕಾಯಿತು. ಕಡೆಗೆ ಲೆಕ್ಕ ಬಂತು. ಆ ಭತ್ಯೆ ಎರಡು ಸಲ ಸೇರಿದ್ದು ನಿಜ. ಆದರೆ ಕಚೇರಿಯೇ ಅದನ್ನು ಕಂಡು ಹಿಂದೆಯೇ ನಿಲ್ಲಿಸಿತ್ತು. ನೋಟಿಸು ಬರೆದವರು ನಿಂತದ್ದನ್ನು ಗಮನಿಸದೆ ಇಲ್ಲಿಯವರೆಗೂ ಎಳೆದು ಕೂಡಿದ್ದರು. ಪಾಸ್‌ಪುಸ್ತಕದ ಜೊತೆ ತಾಳೆ ಹಾಕಿದಾಗ ನೋಟಿಸಿನ ಮೊತ್ತದಲ್ಲಿ ಮೂರರಲ್ಲಿ ಎರಡು ಪಾಲು ರದ್ದಾಯಿತು. ಉಳಿದದ್ದು ಮನ್ನಾ ಆಗಲಿಲ್ಲ. ಅದು ಮಾವ ಕೊಡಬೇಕಾದದ್ದೇ. ಆದರೆ ಅಷ್ಟನ್ನು ಅವರು ಆಗಲೇ ಕಟ್ಟಿದ್ದರು. ಹೆಚ್ಚಿಗೆ ಕಟ್ಟಿದ್ದು ಖಾತೆಗೆ ಮರಳಿತು.

ಹಣ ಜಮೆಯಾದ ಸಂದೇಶ ಫೋನಿಗೆ ಬಂದ ದಿನ ಮಾವ ಅದನ್ನು ಹೆಂಡತಿಗೆ ಓದಿ ಹೇಳಿದರು. ಅತ್ತೆ, "ಒಳ್ಳೇದಾಯ್ತು," ಎಂದರು. "ಬಚ್ಚಲಿಗೆ ದೀಪ ಹಾಕ್ಸಿ. ನನಗಲ್ಲ, ನಿಮಗೆ. ನನಗೆ ಎಡಗಡೆ ದೀಪ ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಹನಿ ಮತ್ತೆ ಶುರುವಾಗಿದೆ. ಬಲಗಣ್ಣು ಉಳಿದಿದೆ. ಎಡಗಣ್ಣಿನದು ಹೋದದ್ದು ಹೋಯಿತು. ಗುಂಡಿಯ ಕೆಲಸವನ್ನು ದರ್ಜಿಯವನು ಬೇರೆಯವರಿಗೆ ಕೊಟ್ಟಿದ್ದಾನೆ. ಗಂಡಹೆಂಡತಿ ಬೀದಿಗೆ ಹೊರಟರೆ ಮಾವ ಈಗ ಯಾವಾಗಲೂ ಹೆಂಡತಿಯ ಎಡಕ್ಕೇ ನಡೆಯುತ್ತಾರೆ. ಮೂಟೆ, ಮೆಟ್ಟಿಲು, ಸೈಕಲ್ಲು ಎಂದು ಮೆಲ್ಲಗೆ ಹೇಳುತ್ತ ಹೋಗುತ್ತಾರೆ. ಯಾರಿಗಾದರೂ ನೋಟಿಸು ಬಂದಿದೆ ಎಂದು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲುತ್ತಾರೆ. "ಹಾಳೆ ತಿರುಗಿಸಿ ನೋಡಿದ್ರಾ? ಮನೇಲಿ ಹೇಳಿದ್ರಾ?" ಎನ್ನುತ್ತಾರೆ. ಎರಡನೆಯ ಪ್ರಶ್ನೆ ಕೇಳುವಾಗ ಅವರ ಕೈ ಹೆಂಡತಿಯ ಭುಜದ ಮೇಲಿರುತ್ತದೆ.

ಅಣ್ಣಂದಿರೇ, ಅಕ್ಕಂದಿರೇ, ಇದನ್ನು ಓದುವಾಗ ನಿಮ್ಮ ಮನೆಯ ಹಿರಿಯರೂ ಹತ್ತಿರದಲ್ಲಿದ್ದರೆ ಗಟ್ಟಿಯಾಗಿ ಓದಿ. ಪಿಂಚಣಿ ಹೆಚ್ಚಾಗಿ ಬಂದಿದೆ ಎಂಬ ನೋಟಿಸು ಬಂದರೆ ಅದು ಕಳ್ಳತನದ ಆರೋಪವಲ್ಲ. ಟ್ರಂಕಿಗೆ ಹಾಕಬೇಡಿ, ಹೆದರಿ ಅಂದೇ ಕಟ್ಟಲೂ ಬೇಡಿ. ಎರಡೂ ಬದಿ ಓದಿ, ಉತ್ತರ ಕೊಡಲು ಎಷ್ಟು ದಿನವಿದೆ ನೋಡಿ, ತಿಂಗಳುವಾರು ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ, ಕೊಟ್ಟದ್ದಕ್ಕೆ ಮುದ್ರೆ ಹಾಕಿಸಿಕೊಳ್ಳಿ. ಫೋನು ಮಾಡಿ, ಇಷ್ಟು ಹಣ ಕೊಟ್ಟರೆ ಎಲ್ಲ ಮುಗಿಸಿಕೊಡುತ್ತೇನೆ ಎನ್ನುವವನಿಗೆ ಚಿಕ್ಕಾಸೂ ಕೊಡಬೇಡಿ. ಓದಲು ಬಾರದಿದ್ದರೆ, ಬರೆಯಲು ಬಾರದಿದ್ದರೆ, ಉಚಿತ ಕಾನೂನು ಸಲಹೆ ಕೊಡುವವರ ಬಳಿ ಹೋಗಿ. ಲೆಕ್ಕ ಸರಿಯಿದ್ದರೆ ಕಟ್ಟೋಣ. ಕಂತು ಕೇಳಿ ಕಟ್ಟೋಣ.

ಅದಕ್ಕೂ ಮೊದಲು, ಇವತ್ತೇ, ನಿಮ್ಮ ಮನೆಯ ಕಿಟಕಿಯ ಕಟ್ಟೆಯ ಮೇಲಿರುವ ಔಷಧಿ ಸೀಸೆಯನ್ನು ಒಮ್ಮೆ ಎತ್ತಿ ಬೆಳಕಿಗೆ ಹಿಡಿದು ನೋಡಿ.