ಅಶ್ಮಿತಾಳ ಎಲೆಗೆ ಚೈನೀಸ್ ಭೇಲ್

ಠಾಣೆ ಶಹರದ ನಾಲ್ಕು ರಸ್ತೆ ಕೂಡುವ ನಾಕಾದಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದ ಮುಂಡಪ್ಪನಿಗೆ ತನ್ನ ಬಗ್ಗೆ ಒಂದು ಜಂಬವಿತ್ತು. ಗಿರಾಕಿ ಒಳಗೆ ಕಾಲಿಡುವಾಗಲೇ ಅವನಿಗೆ ಏನು ಬೇಕೆಂದು ಹೇಳಬಲ್ಲವ ತಾನು ಎಂಬುದೇ ಆ ಜಂಬ. ಮುಖ ಬಾಡಿದವನಿಗೆ ಕಡಕ್ ಚಹಾ, ಸಾಹೇಬನಿಂದ ಬೈಸಿಕೊಂಡು ಬಂದವನಿಗೆ ಮಸಾಲೆ ದೋಸೆ. ಇಂಥ ತ್ರಿಕಾಲಜ್ಞಾನಿ ತುಳುವರ ಆಷಾಢವಾದ ಆಟಿ ತಿಂಗಳ ಒಂದು ಬೆಳಿಗ್ಗೆ, ಐರೋಲಿಯ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಹೆಂಡತಿಯ ಒಂದು ಪ್ರಶ್ನೆಗೆ ಉತ್ತರ ತಿಳಿಯದೆ ನಿಂತಿದ್ದ.

"ಅಶ್ಮಿತಾಳ ಎಲೆಗೆ ಕೋರಿ ರೊಟ್ಟಿ ನಾನು ಮಾಡ್ತೇನೆ. ಇನ್ನೊಂದು ಏನಾದರೂ ನಿಮ್ಮ ಕೈಯಿಂದ ಇರಲಿ. ಅವಳಿಗೆ ಪ್ರೀತಿಯದ್ದು," ಎಂದಿದ್ದಳು ರತ್ನಾವತಿ.

ಮಗಳು ಅಶ್ಮಿತಾ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾಲ್ಕು ವರ್ಷ ರಕ್ತದ ಕ್ಯಾನ್ಸರಿನ ಜೊತೆ ಹೊಡೆದಾಡಿ ಇಪ್ಪತ್ತಾರಕ್ಕೆ ಕಣ್ಣು ಮುಚ್ಚಿದ ಹುಡುಗಿ. ತೀರಿಕೊಂಡವರಿಗೆ ಆಟಿಯಲ್ಲಿ ಬಡಿಸುವುದು ಆ ಮನೆಯ ಕ್ರಮ. ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಯಿಬಿಟ್ಟು ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಹೋದವರು ಬಂದು ಉಣ್ಣುತ್ತಾರೆ. ಇಷ್ಟವಿಲ್ಲದ್ದನ್ನು ಬಡಿಸಿದರೆ ಹಸಿದುಕೊಂಡೇ ವಾಪಸು ಹೋಗುತ್ತಾರೆ. ತನ್ನ ಅಪ್ಪನ ಎಲೆಗೆ ಮುಂಡಪ್ಪ ಪ್ರತಿವರ್ಷ ಕ್ವಾರ್ಟರ್ ಬಾಟ್ಲಿ ಇಡುತ್ತಿದ್ದ. ಅದರಲ್ಲಿ ಅವನಿಗೆ ಯಾವ ಗೊಂದಲವೂ ಇರಲಿಲ್ಲ.

"ರಾಗಿ ಗಂಜಿ ಮಾಡ್ತೇನೆ. ಉಪ್ಪು ಕಮ್ಮಿ. ಮತ್ತೆ ಬೇಯಿಸಿದ ಕ್ಯಾರೆಟ್," ಎಂದ ಮುಂಡಪ್ಪ.

"ಅದು ಪಥ್ಯ ಅಲ್ವಾ ಇವರೇ. ನಾನು ಕೇಳಿದ್ದು ಪ್ರೀತಿಯದ್ದು."

ಹುಡುಕಿದರೆ ಮುಂಡಪ್ಪನ ತಲೆಯಲ್ಲಿ ಇದ್ದದ್ದೆಲ್ಲ ಪಥ್ಯವೇ. ಹೊರಗಿನದ್ದು ಬೇಡ, ಹಸಿಯದ್ದು ಬೇಡ ಎಂದು ಡಾಕ್ಟರು ಹೇಳಿದ್ದೇ ತಡ, ಅವನು ತನ್ನನ್ನು ತಾನೇ ಪಥ್ಯದ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿದ್ದ. ಡಾಕ್ಟರು ಒಂದು ಬೇಡ ಎಂದರೆ ಇವನದ್ದು ನಾಲ್ಕು. ನೋಡಲು ಬಂದ ನೆಂಟರ ಚೀಲ ಬಾಗಿಲಲ್ಲೇ ತಪಾಸಣೆ ಆಗುತ್ತಿತ್ತು. ಒಮ್ಮೆ ಮಗಳ ಕೋಣೆಯಿಂದ ಕೊತ್ತಂಬರಿಯ ವಾಸನೆ ಬಂತೆಂದು ಹಾಸಿಗೆ ಮಗುಚಿ ಹುಡುಕಿದ್ದ ಮಹಾನುಭಾವ ಅವನು. ಕಡೆಗೆ ಡಾಕ್ಟರೇ, ಇನ್ನು ಏನು ಕೇಳುತ್ತಾಳೋ ಕೊಡಿ ಎಂದಾಗಲೂ ಅವನು ಗಂಜಿ ಬಿಡಲಿಲ್ಲ. ಪಥ್ಯ ಬಿಟ್ಟರೆ ಮಗಳನ್ನೇ ಬಿಟ್ಟ ಹಾಗೆ ಎಂದು ಅವನಿಗೆ ಅನ್ನಿಸಿತ್ತು. ಪಥ್ಯ ಇರುವ ತನಕ ಅವಳು ರೋಗಿ, ರೋಗಿ ಎಂದ ಮೇಲೆ ಗುಣ ಆಗಲೇಬೇಕಲ್ಲ.

"ಚೈನೀಸ್ ಭೇಲ್," ಎಂದ ಮಗ ಸಮಿತ್, ಮೊಬೈಲಿನಿಂದ ತಲೆ ಎತ್ತದೆ. "ಅಕ್ಕಾ ಕೋ ವಹೀ ಪಸಂದ್ ಥಾ, ಪಪ್ಪಾ. ಅಪ್ನೇ ಹೋಟೆಲ್ ಕೇ ಸಾಮ್ನೇ ವಾಲಾ."

ಮುಂಡಪ್ಪನಿಗೆ ಪಿತ್ತ ನೆತ್ತಿಗೇರಿತು. ಹೋಟೆಲಿನ ಎದುರು ಗಾಡಿ ಹಾಕಿ, ಎಲೆಕೋಸಿಗೆ ಕೆಂಪು ಸಾಸು ಸುರಿದು, ಕರಿದ ನೂಡಲ್ಸ್ ಪುಡಿ ಮಾಡಿ ಮಾರುತ್ತಿದ್ದವನನ್ನು ಎರಡು ವರ್ಷ ಜಗಳವಾಡಿ ಎಬ್ಬಿಸಿದ್ದೇ ಅವನು.

"ನನ್ನ ಮಗಳು ಆ ಕೊಚ್ಚೆ ತಿಂದಳಾ? ಯಾವಾಗ?"

"ಕಾಲೇಜ್ ಮೇಂ. ರೋಜ್. ನಿಮ್ಮ ಮಸಾಲೆ ದೋಸೆ ವೇಟರ್‌ಗೆ ಕೊಡ್ತಿದ್ಳು."

ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಗಲ್ಲಾದಲ್ಲಿ ಕೂತು ಊರ ಗಿರಾಕಿಗಳ ಹೊಟ್ಟೆ ಓದುತ್ತಿದ್ದವನಿಗೆ, ಮೂವತ್ತು ಹೆಜ್ಜೆ ಆಚೆ ಕಂಬದ ಮರೆಯಲ್ಲಿ ನಿಂತು ತಿನ್ನುತ್ತಿದ್ದ ಸ್ವಂತ ಮಗಳು ಕಂಡಿರಲಿಲ್ಲ.

ಸಮಿತ್ ಮೊಬೈಲು ಕೆಳಗಿಟ್ಟ. "ಲಾಸ್ಟ್ ಮೇಂ ಭೀ ಮಾಂಗಾ ಥಾ. ಒಂದು ಸಲ ತರ್ತೀಯಾ ಕೇಳಿದ್ಳು. ನಿಮಗೆ ಹೆದರಿ ನಾನು ತರ್ಲಿಲ್ಲ."

ರತ್ನಾವತಿ ಒಲೆಯ ಉರಿ ಸಣ್ಣ ಮಾಡಿದಳು. ಮಗಳು ಹಸಿದುಕೊಂಡು ಹೋದದ್ದು ಹೌದು, ಈ ಸಲವೂ ಹಾಗೇ ಕಳಿಸಿದರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡ ಮುಂಡಪ್ಪ. ಕೊಡೆ ಹಿಡಿದು ಹೊರಟ.

ಗಾಡಿ ಈಗ ಕೋಪರಖೈರಣೆಯಲ್ಲಿದೆ ಎಂದು ಸಮಿತ್ ಹೇಳಿದ್ದ. ಮಧ್ಯಾಹ್ನದ ಮಳೆಯಲ್ಲಿ ಲೋಕಲ್ ಹಿಡಿದು ಹೋಗಿ ಮುಂಡಪ್ಪ ಕಾಲೇಜು ಮಕ್ಕಳ ಸಾಲಿನಲ್ಲಿ ನಿಂತ. ಗಾಡಿಯವ ಅವನನ್ನು ಕಂಡದ್ದೇ, ಇಲ್ಲಿಂದಲೂ ಎಬ್ಬಿಸಲು ಬಂದನೆಂದು ಹಿಂದೆ ಸರಿದ.

"ಶೇಟ್, ಯಹಾಂ ಸೇ ಭೀ ಉಠಾವೋಗೇ ಕ್ಯಾ?"

"ನಹೀ. ಏಕ್ ಪಾರ್ಸೆಲ್."

ಗಾಡಿಯವ ನಂಬದೆ ಬಾಣಲೆಗೆ ಎಣ್ಣೆ ಹಾಕಿದ. ಮುಂಡಪ್ಪನ ಕಣ್ಣು ತನ್ನಷ್ಟಕ್ಕೆ ಅವನ ಉಗುರು, ಎಣ್ಣೆಯ ಬಣ್ಣ, ಬಕೇಟಿನ ನೀರು ಎಲ್ಲವನ್ನೂ ತಪಾಸಣೆ ಮಾಡಿತು. ಭಾಷಣ ಗಂಟಲಿಗೆ ಬಂತು, ನುಂಗಿದ.

"ತೀಖಾ ಕಿತ್ನಾ?" ಖಾರ ಎಷ್ಟೆಂದು ಕೇಳಿದ ಗಾಡಿಯವ.

"ಬಿಲ್ಕುಲ್ ನಹೀ. ಮುಂಹ್ ಮೇಂ ಛಾಲೇ ಹೈ," ಎಂದುಬಿಟ್ಟ ಮುಂಡಪ್ಪ. ಬಾಯಿ ಹುಣ್ಣಿನ ಹುಡುಗಿ ಬೂದಿಯಾಗಿ ಹತ್ತು ತಿಂಗಳಾಗಿತ್ತು. ಇನ್‌ಸ್ಪೆಕ್ಟರು ಮಾತ್ರ ಇನ್ನೂ ಡ್ಯೂಟಿಯಲ್ಲಿದ್ದರು.

"ತೀಖಾ ಡಾಲೋ. ಪೂರಾ," ಎಂದ. ಗಾಡಿಯವ ಒಮ್ಮೆ ಅವನ ಮುಖ ನೋಡಿ ಎರಡು ಚಮಚ ಕೆಂಪು ಚಟ್ನಿ ಹಾಕಿದ.

ಸಂಜೆ ನಡುಮನೆಯಲ್ಲಿ ಎಲೆ ಹಾಕಿದರು. ಕೋರಿ ರೊಟ್ಟಿಯ ಪಕ್ಕಕ್ಕೆ ಮುಂಡಪ್ಪ ಭೇಲನ್ನು ಬಡಿಸಿದ. ಬಾಳೆಲೆಯ ಮೇಲೆ ಅದು ಅಸಹ್ಯವಾಗಿಯೇ ಕಾಣುತ್ತಿತ್ತು. ಈಗ ಮನೆಯ ಯಜಮಾನ ಕರೆಯಬೇಕು. ನಾಲ್ಕು ವರ್ಷ ತಿನ್ನಬೇಡ, ಮುಟ್ಟಬೇಡ ಎಂದೇ ಸವೆದ ನಾಲಿಗೆ ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.

"ಬಲ ಮಗಾ, ತಿನ್ಲ," ಎಂದ, ಮಗಳೊಡನೆ ಯಾವಾಗಲೂ ಆಡುತ್ತಿದ್ದ ತುಳುವಿನಲ್ಲಿ. ಬಾ ಮಗಳೇ, ತಿನ್ನು.

ಬಾಗಿಲು ಎಳೆದುಕೊಂಡು ಮೂವರೂ ಲಿಫ್ಟಿನ ಮುಂದೆ ನಿಂತರು. ಎದುರು ಫ್ಲ್ಯಾಟಿನ ಚಂದ್ರಬಾಯಿ ಹಾಲಿನ ಪ್ಯಾಕೆಟು ಹಿಡಿದು ಬಂದವರು, ಕೀಲಿ ಒಳಗೇ ಉಳಿಯಿತಾ ಎಂದು ಮರಾಠಿಯಲ್ಲಿ ವಿಚಾರಿಸಿದರು. ಮುಂಡಪ್ಪ ಹೌದೆಂದು ತಲೆಯಾಡಿಸಿದ. ಅವರು ಪಾಪ ಎಂದು ಒಳಗೆ ಹೋದರು. ಮಳೆ ಜೋರಾಯಿತು. ಪ್ಯಾಸೇಜಿನ ದೀಪ ಹೊತ್ತಿತು.

ಸಾಕಷ್ಟು ಹೊತ್ತಾದ ಮೇಲೆ ರತ್ನಾವತಿ, "ಇನ್ನು ಬಾಗಿಲು ತೆಗೆಯುವಾ ಅಲ್ವಾ," ಎಂದು ಕೈ ಚಾಚಿದಳು.

ಮುಂಡಪ್ಪ ಅಡ್ಡ ನಿಂತ.

"ಇರಲಿ ಮಾರಾಯ್ತಿ," ಎಂದ. "ಅವಳದ್ದು ತಿನ್ನುವುದು ನಿಧಾನ."