ರುದ್ರವ್ವನ ರೊಟ್ಟಿ ವೆಬ್‌ಸೈಟಿಗೆ ಹೋದದ್ದು

ಹೊಳಬಸಪ್ಪನ ಹೆಂಡತಿ ನೀತಾ ಆ ಭಾನುವಾರ ಒಂದು ಸುಳ್ಳು ಹೇಳದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇದು ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತು. ಪುಣೆ ಕ್ಯಾಂಪಿನಲ್ಲಿ ಮಹಿಳೆಯರ ಪ್ರದರ್ಶನ ನಡೆದಿತ್ತು. ನೀತಾ ಅಲ್ಲೊಂದು ಮೇಜು ಹಿಡಿದು, ಅತ್ತೆ ರುದ್ರವ್ವ ಬಡಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರಲು ಕೂತಿದ್ದಳು. ಹಿಂಜವಡಿಯ ಯಾವುದೋ ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನು ನೋಡಿಕೊಳ್ಳುವ ಸಾಯಲಿ ಎಂಬ ಮೇಡಂ ಬಂದರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡವರೇ ಕಣ್ಣರಳಿಸಿ, ನಿಮ್ಮ ವೆಬ್‌ಸೈಟ್ ಇದೆಯೇ, ನಮ್ಮ ಕಮಿಟಿಗೆ ತೋರಿಸಬೇಕು ಎಂದು ಮರಾಠಿಯಲ್ಲಿ ಕೇಳಿದರು. ಪಕ್ಕದ ಮೇಜಿನ ಉಪ್ಪಿನಕಾಯಿಯವಳು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅವಳೆದುರು ಇಲ್ಲ ಅನ್ನುವುದು ನೀತಾಳ ಜಾಯಮಾನದಲ್ಲೇ ಇಲ್ಲ. ಇದೆ, ಆದರೆ ರಿಪೇರಿಗೆ ಹೋಗಿದೆ, ಬರುವ ಸೋಮವಾರ ಸಿಗುತ್ತದೆ ಎಂದುಬಿಟ್ಟಳು.

ಸಂಜೆ ಚಿಂಚವಾಡದ ಮನೆಗೆ ಬಂದು ಅಳುಕುತ್ತಲೇ ವಿಷಯ ಹೇಳಿದಳು. ಬೈಗುಳ ತಿನ್ನಲು ತಯಾರಾಗಿಯೇ ಬಂದಿದ್ದಳು ಪಾಪ. ಹೊಳಬಸಪ್ಪ ಬೈಯಲಿಲ್ಲ. ಕುರ್ಚಿಯಿಂದ ಎದ್ದು ನಿಂತ.

"ಎಂಟು ದಿನ ಅದ ಅಲ್ಲ? ನಾ ಮಾಡ್ತೀನಿ," ಎಂದ.

ಅವನ ಆ ಉಮೇದಿಗೆ ಕಾರಣವಿತ್ತು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವನು ಅವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಬೋಲ್ಟನ್ನೂ ಪಾಸು ಮಾಡಿದವನಲ್ಲ. ಎರಡು ವರ್ಷದ ಹಿಂದೆ ಕಂಪನಿ ಅವನಿಗೆ ಸ್ವಯಂ ನಿವೃತ್ತಿ ಕೊಟ್ಟಿತು. ಅದರಲ್ಲಿ ಸ್ವಯಂ ಎಂಬುದೆಲ್ಲ ಕಂಪನಿಯದು, ನಿವೃತ್ತಿ ಮಾತ್ರ ಇವನದು. ಅಂದಿನಿಂದ ತಾಯಿ, ಹೆಂಡತಿ ರೊಟ್ಟಿ ಬಡಿದು ಮನೆ ನಡೆಸುತ್ತಿದ್ದರು. ಇವನು ಕೊತ್ತಂಬರಿ ತರುತ್ತಿದ್ದ. ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ, ಒಂದು ಕಂಪ್ಯೂಟರನ್ನೂ ತಂದು, ಅದರ ಮೇಲೆ ಕಸೂತಿ ಹೊದಿಕೆ ಹಾಕಿ ಇಟ್ಟಿದ್ದ. ಮನೆಯಲ್ಲಿ ಯಾರೂ ಅವನಿಗೆ ಒಂದು ಮಾತು ಅಂದವರಲ್ಲ, ಆದರೆ ಅವನನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಅದೇ. ನಾನೂ ಈ ಮನೆಗೆ ಬೇಕಾದವನು ಎಂದು ಇನ್ನೊಮ್ಮೆ ಅನ್ನಿಸಿಕೊಳ್ಳಬೇಕು, ಅವನಿಗೆ ಬೇರೇನೂ ಬೇಕಿರಲಿಲ್ಲ.

ಮರುದಿನವೇ ಕ್ಯಾಂಪಿಗೆ ಹೋಗಿ ಒಂದು ಸಿಡಿ ತಂದ. ವೆಬ್‌ಸೈಟ್ ತೆರೆದೊಡನೆ ಅಕ್ಷರಗಳು ನಾಲ್ಕೂ ಕಡೆಯಿಂದ ಹಾರಿ ಬಂದು, ಚಿತ್ರಗಳು ಕುಣಿದು, ಸಂಗೀತ ಢಣ್ಣೆಂದು, ಕೊನೆಗೆ "ಒಳಗೆ ಬನ್ನಿ" ಎಂದು ಬಾಗಿಲು ತೆರೆಯುವ ಆಟಕ್ಕೆ ಇಂಟ್ರೋ ಎನ್ನುತ್ತಾರೆ. ಇಂಟ್ರೋ ಇಲ್ಲದ ವೆಬ್‌ಸೈಟ್ ಆ ಕಾಲದಲ್ಲಿ ಬ್ಯಾಂಡಿಲ್ಲದ ಮದುವೆಯಂತೆ. ಸಿಡಿಯೊಳಗೆ ಹೋಟೆಲಿನವರಿಗೆಂದೇ ಮಾಡಿಟ್ಟ ಒಂದು ಇಂಟ್ರೋ ಇತ್ತು. ಆದರೆ ಅದರ ತುಂಬ ಪಿಜ್ಜಾ, ಫೋರ್ಕು, ಗಾಜಿನ ಲೋಟ ಎತ್ತಿ ಹಿಡಿದು ಹಲ್ಲು ಕಿರಿಯುವ ಬಿಳಿ ಗಂಡ-ಹೆಂಡತಿ. ಕೆಳಗೊಂದು ಗುಂಡಿ: ನಿಮ್ಮ ಸ್ವಂತ ಚಿತ್ರಗಳನ್ನು ಹಾಕಿಕೊಳ್ಳಿ.

ಪರೀಕ್ಷೆಗೆಂದು ಹೊಳಬಸಪ್ಪ ಕೈಗೆ ಸಿಕ್ಕ ಒಂದು ಚಿತ್ರ ಹಾಕಿದ. ಅದು ನೀತಾಳ ಫೋಟೋ. ಅವಳ ಮುಖ ಮೂರು ಸುತ್ತು ಗಿರಗಿರ ತಿರುಗಿ, ಉಬ್ಬಿ, ಫಟ್ಟೆಂದು ಒಡೆದು ನೂರು ಚೂರಾಗಿ ಹಾರಿತು. ಹಿಂದೆ ಚಹಾ ಹಿಡಿದು ನಿಂತಿದ್ದ ನೀತಾ ಅದನ್ನು ನೋಡಿದಳು.

"ಇದಕ್ಕೇನ್ರಿ ನೀವು ಮೂರು ತಿಂಗಳ ಕ್ಲಾಸಿಗೆ ಹೋಗಿದ್ದು?" ಎಂದು ಚಹಾವನ್ನು ತಾನೇ ಕುಡಿದುಕೊಂಡು ಹೋದಳು.

ಇನ್ನು ರೊಟ್ಟಿಯ ಫೋಟೋ ಬೇಕಲ್ಲ. ಮಂಗಳವಾರ ಹೊಳಬಸಪ್ಪ ತನ್ನ ಹಳೆಯ ರೀಲು ಕ್ಯಾಮೆರಾ ತೆಗೆದ. ಇನ್ಸ್‌ಪೆಕ್ಟರ್ ಬುದ್ಧಿ ಎಲ್ಲಿ ಹೋಗಬೇಕು? ಸ್ಟೂಲಿನ ಮೇಲೆ ಚುರುಮುರಿ ಡಬ್ಬಿ, ಅದರ ಮೇಲೆ ಕ್ಯಾಮೆರಾ. ಟೇಪು ಹಿಡಿದು ದೂರ ಅಳೆದು, ಬುಟ್ಟಿ ಒಂದಿಂಚೂ ಅಲ್ಲಾಡಬಾರದೆಂದು ಸುತ್ತಲೂ ಸೀಮೆಸುಣ್ಣದ ಗೆರೆ ಕೊರೆದ. ಬುಟ್ಟಿಯಲ್ಲಿ ರುದ್ರವ್ವನ ಇಪ್ಪತ್ತು ಜೋಳದ ರೊಟ್ಟಿ, ಮೇಲೆ ಬಿಳಿ ಅರಿವೆ.

"ಇದನ್ನ ಯಾರ್ ಯಾರ್ ನೋಡ್ತಾರೋ?" ಎಂದು ರುದ್ರವ್ವ ಕೇಳಿದಳು.

"ಜಗತ್ತೆಲ್ಲಾ ನೋಡ್ತದ ಯವ್ವಾ! ಅಮೆರಿಕಾ, ದುಬೈ, ಜಪಾನ, ಎಲ್ಲಾ ಕಡೆ!"

ಹೀಗೆ ಹೇಳಿ ಹೊಳಬಸಪ್ಪ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡ. ಬಾಗಿಲಲ್ಲಿ ಪಕ್ಕದ ಮನೆಯವಳ ನೆರಳು ಬಿದ್ದರೂ ತಟ್ಟೆಯ ಮೇಲೆ ಸೆರಗು ಎಳೆಯುವ ಹೆಂಗಸು ರುದ್ರವ್ವ. ಒಬ್ಬಳ ಕಣ್ಣು ತಾಗಿದರೇ ರೊಟ್ಟಿ ಹಂಚಿನ ಮೇಲೆ ಹರಿಯುತ್ತದೆ, ಇನ್ನು ಇಡೀ ಜಪಾನಿನ ಕಣ್ಣು ಬಿದ್ದರೆ ಗತಿಯೇನು? ಮುದುಕಿ ಬಾಯಿ ಬಿಡಲಿಲ್ಲ. ಬುಟ್ಟಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಅರಿವೆ ತೆಗೆದಳು.

ಹೊಳಬಸಪ್ಪ "ಒಂದು, ಎರಡು, ಮೂರು" ಎನ್ನುತ್ತಿದ್ದ. ಮೂರು ಎಂದು ಗುಂಡಿ ಒತ್ತುವಾಗ ಕಣ್ಣು ಮುಚ್ಚಿಕೊಳ್ಳುವುದು ಅವನ ಚಟ. ಕಣ್ಣು ಬಿಟ್ಟಾಗ ಬುಟ್ಟಿಯ ಮೇಲೆ ಅರಿವೆ ಇರುತ್ತಿತ್ತು. "ನೊಣಾ ಕೂಡತಾವು," ಎಂದು ರುದ್ರವ್ವ ಮುಂದಿನ ಫೋಟೋಕ್ಕೆ ಅದನ್ನು ಮತ್ತೆ ತೆಗೆಯುತ್ತಿದ್ದಳು. ಅವ್ವನ ಶುಚಿಗೆ ಮನಸ್ಸಿನಲ್ಲೇ ಶಹಬ್ಬಾಸ್ ಎನ್ನುತ್ತ ಅವನು ರೀಲು ಮುಂದೆ ತಿರುಗಿಸುತ್ತಿದ್ದ. ಹೀಗೆ ಮೂವತ್ತಾರು ಫೋಟೋ ಆದವು.

ಶುಕ್ರವಾರ ಸ್ಟೂಡಿಯೋದವನು ಫೋಟೋಗಳನ್ನೂ, ಅವನ್ನು ತುಂಬಿಸಿದ ಸಿಡಿಯನ್ನೂ ಕೊಟ್ಟ. ಕೊಡುವಾಗ ಹೊಳಬಸಪ್ಪನ ಮುಖವನ್ನು ಒಂದು ಥರ ನೋಡಿದ. ಲಕೋಟೆ ಬಿಚ್ಚಿದಾಗ ಏಕೆಂದು ತಿಳಿಯಿತು. ಮೊದಲ ಫೋಟೋದಲ್ಲಿ ರುದ್ರವ್ವ ಕೊಂಚ ತಡಮಾಡಿದ್ದಳು. ಎತ್ತಿದ ಕೈಯಲ್ಲಿ ಅರಿವೆ, ಅದರ ಕೆಳಗೆ ರೊಟ್ಟಿಯ ಒಂದಿಷ್ಟು ಅಂಚು. ಎರಡನೆಯದರಲ್ಲಿ ಅರಿವೆ ಇನ್ನಷ್ಟು ಕೆಳಗೆ. ಮೂರನೆಯದರಲ್ಲಿ ಮತ್ತಷ್ಟು. ಮಾಡುತ್ತ ಮಾಡುತ್ತ ಮುದುಕಿಯ ಕೈ ಪಳಗಿತ್ತು. ಹನ್ನೆರಡನೆಯದರ ಹೊತ್ತಿಗೆ ಬುಟ್ಟಿ ಪೂರ್ತಿ ಮುಚ್ಚಿತ್ತು. ಅಲ್ಲಿಂದ ಮುಂದೆ ಇಪ್ಪತ್ನಾಲ್ಕು ಫೋಟೋದಲ್ಲಿ ಬರೀ ಅರಿವೆ.

ಹೊಳಬಸಪ್ಪನ ಪಿತ್ತ ನೆತ್ತಿಗೇರಿತು. ಮನೆಗೆ ಬಂದವನೇ ಫೋಟೋಗಳನ್ನು ನೆಲದ ಮೇಲೆ ಚೆಲ್ಲಿದ.

"ಏನ್ ಯವ್ವಾ ಇದು? ಸೋಮವಾರ ಅವರು ನೋಡ್ತಾರ! ಎರಡ ವರ್ಷಕ್ಕ ಒಂದ್ ಕೆಲಸ ಸಿಕ್ಕಿತ್ತು ನನಗ, ಅದನ್ನೂ ಮುಚ್ಚಿ ಹಾಕಿದಿ!"

ರುದ್ರವ್ವ ಹಿಟ್ಟಿನ ಕೈ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ನಿನ್ನ ಫೋಟೋ ಹಾಕಿದ್ರಲ್ಲ, ಕಂಪನಿ ಪುಸ್ತಕದಾಗ? ಭಾಳ ಛಲೋ ಕೆಲಸಗಾರ ಅಂತ. ಸಾವಿರ ಮಂದಿ ನೋಡಿದ್ರು. ನಾನೂ ಶಾಣ್ಯಾಕಿ, ಕಾಲನಿ ತುಂಬ ತೋರಿಸ್ಕೋತ ಅಡ್ಡಾಡಿದೆ. ವರ್ಷ ತುಂಬೂದ್ರಾಗ ನೌಕರಿ ಹೋತು. ಅವತ್ತ ಅದನ್ನ ಮುಚ್ಚಿ ಇಟ್ಟಿದ್ರ ನಿನಗ ನೆದರ ತಾಗ್ತಿರಲಿಲ್ಲ. ತಪ್ಪು ನಂದ, ಬಸು."

ತನ್ನಲ್ಲೇ ಏನೋ ಊನವಿತ್ತು, ಅದಕ್ಕೇ ಕಂಪನಿ ಕೈಬಿಟ್ಟಿತು, ಅವ್ವನೂ ಹಾಗೇ ತಿಳಿದಿದ್ದಾಳೆ ಎಂದು ಹೊಳಬಸಪ್ಪ ಎರಡು ವರ್ಷ ತಲೆ ತಗ್ಗಿಸಿ ಓಡಾಡಿದ್ದ. ಅವ್ವ ನೋಡಿದರೆ, ಮಗ ಲೋಕದ ಕಣ್ಣು ಕುಕ್ಕುವಷ್ಟು ಹುಷಾರು ಎಂದು ನಂಬಿ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅವನು ನೆಲಕ್ಕೆ ಕೂತು ಫೋಟೋಗಳನ್ನು ಒಂದೊಂದಾಗಿ ಆಯ್ದುಕೊಂಡ. ಮತ್ತೆ ತೆಗೆಯೋಣ ಎನ್ನಲು ಬಾಯಿ ಬರಲಿಲ್ಲ.

ಶನಿವಾರ ವಿಧಿಯಿಲ್ಲದೆ ಮೊದಲ ಹನ್ನೆರಡು ಫೋಟೋಗಳನ್ನೇ ಇಂಟ್ರೋದಲ್ಲಿ ಕೂರಿಸಿದ. ಒಂದೊಂದೂ ಮೂರು ಸೆಕೆಂಡು ನಿಲ್ಲುತ್ತಿತ್ತು. ಅರಿವೆ, ಅರಿವೆ, ಮತ್ತೆ ಅರಿವೆ. ಧೋಬಿಯ ವೆಬ್‌ಸೈಟಿಗಾದರೆ ಹೇಳಿ ಮಾಡಿಸಿದ ಹಾಗಿತ್ತು. ಇಂಟ್ರೋ ಬೇಗ ಮುಗಿದು ಮರ್ಯಾದೆಯೂ ಬೇಗ ಹೋಗಿ ಮುಗಿಯಲಿ ಎಂದು ಸಮಯವನ್ನು ಇಳಿಸುತ್ತ ಇಳಿಸುತ್ತ, ಇನ್ನು ಇಳಿಸಲಾಗದಷ್ಟಕ್ಕೆ ಇಳಿಸಿದ. ಚಿತ್ರಗಳು ಸರಸರ ಹೊರಳಿದವು.

"ಅಯ್ಯ! ಅತ್ತಿಯಾರ ಕೈ ಅಲ್ಲಾಡ್ಲಿಕ್ಕತ್ತದಲ್ರೀ!" ಎಂದಳು ಹಿಂದಿನಿಂದ ನೀತಾ.

ಹೌದು. ಸ್ಟೂಲು, ಡಬ್ಬಿ, ಸೀಮೆಸುಣ್ಣದ ಗೆರೆ ಯಾವುದೂ ವ್ಯರ್ಥವಾಗಿರಲಿಲ್ಲ. ಬುಟ್ಟಿ ಕೂದಲೆಳೆಯಷ್ಟೂ ಕದಲದೆ ನಿಂತಿತ್ತು. ಬಳೆ ತೊಟ್ಟ ಮುದಿ ಕೈಯೊಂದು ಮೇಲಿನಿಂದ ಇಳಿದು ಅರಿವೆ ಮುಚ್ಚುತ್ತಿತ್ತು. ನೀತಾ ಬಿದ್ದು ಬಿದ್ದು ನಕ್ಕಳು.

"ಗಿರಾಕಿ ಬಂದಕೂಡ್ಲೆ ಮುಚ್ಚಿಡ್ತಾರೇನ್ರಿ ಯಾರಾದ್ರೂ?"

ಹೊಳಬಸಪ್ಪ ಥಟ್ಟನೆ ಕಂಪ್ಯೂಟರಿನತ್ತ ತಿರುಗಿ ಹನ್ನೆರಡನೆಯದನ್ನು ಮೊದಲಿಗೆ, ಮೊದಲನೆಯದನ್ನು ಕೊನೆಗೆ ಇಟ್ಟ. ಈಗ ಕೈ ಅರಿವೆಯನ್ನು ಎತ್ತತೊಡಗಿತು. ಇನ್ನಷ್ಟು, ಇನ್ನೊಂದಿಷ್ಟು, ರೊಟ್ಟಿಯ ಅಂಚು ಕಂಡಿತು. ಅಷ್ಟರಲ್ಲಿ ಢಣ್! "ಒಳಗೆ ಬನ್ನಿ."

ರುದ್ರವ್ವನನ್ನು ಕರೆದು ತೋರಿಸಿದರು. ಅವಳು ಮೂಗಿನ ಮೇಲೆ ಬೆರಳಿಟ್ಟು ಐದು ಸಲ ನೋಡಿದಳು. "ಅಂಚು ಕಾಣಸ್ತದಲ್ಲೋ," ಎಂದಳು. ಅವಳು ಆರನೆಯ ಸಲ ನೋಡಿ, "ಇರ್ಲಿ. ಅಂಚಿಗೆ ಏನೂ ತಾಗೂದಿಲ್ಲ," ಎಂದು ತೀರ್ಪು ಕೊಟ್ಟು ಒಳಗೆ ಹೋದಳು.

ಭಾನುವಾರ ವೆಬ್‌ಸೈಟನ್ನು ಇಂಟರ್‌ನೆಟ್ಟಿಗೆ ಏರಿಸಿ, ಸಾಯಲಿ ಮೇಡಂಗೆ ಅದರ ವಿಳಾಸ ತಿಳಿಸಿದ್ದಾಯಿತು. ಸೋಮವಾರ ಮಧ್ಯಾಹ್ನದವರೆಗೆ ಫೋನು ಬರಲಿಲ್ಲ. ಹೊಳಬಸಪ್ಪ ಊಟ ಮುಟ್ಟಲಿಲ್ಲ. ಮೂರು ಗಂಟೆಗೆ ಫೋನು ಬಡಿದುಕೊಂಡಾಗ ಎಡವಿಕೊಂಡು ಹೋಗಿ ಎತ್ತಿದ. ಸಾಯಲಿ ಮೇಡಂ. ಅವರ ಹಿಂದೆ ಹತ್ತಾರು ಜನರ ಗದ್ದಲ, ನಗು.

"ಅಹೋ, ತ್ಯಾ ಕಾಪಡಾಖಾಲೀ ಆಹೇ ತರೀ ಕಾಯ್?" ಎಂದರು ಅವರು. ಆ ಅರಿವೆಯ ಕೆಳಗೆ ಇರುವುದಾದರೂ ಏನು ಎಂದು. ಬೆಳಗಿನಿಂದ ಕಮಿಟಿಯವರು ಇಂಟ್ರೋವನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದರಂತೆ. ಇಡೀ ಮಹಡಿ ಬಂದು ನೋಡಿತಂತೆ. ಈ ಸಲವಾದರೂ ಅರಿವೆ ಪೂರ್ತಿ ಎದ್ದೀತೆಂದು ಕಾಯುವುದೇ ಕೆಲಸ, ವೆಬ್‌ಸೈಟಿನ ಒಳಗೆ ಒಬ್ಬನೂ ಹೋಗಿಲ್ಲವಂತೆ. ನಾನು ರೊಟ್ಟಿ ಎಂದರೆ ಯಾರೂ ಕೇಳುತ್ತಿಲ್ಲ, ತಂದು ತೋರಿಸಿ ಎನ್ನುತ್ತಿದ್ದಾರೆ, ಗುರುವಾರದಿಂದ ದಿನಕ್ಕೆ ನೂರೈವತ್ತು ಕಳಿಸಿ, ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಗಾಡಿ ಬರುತ್ತದೆ ಎಂದರು.

ಹೊಳಬಸಪ್ಪ ಫೋನಿಟ್ಟು ವಿಷಯ ಹೇಳಿದ. ನೀತಾ ಚಪ್ಪಾಳೆ ತಟ್ಟಿದಳು, ಆಮೇಲೆ ಲೆಕ್ಕ ಹಾಕಿ ಬೆಚ್ಚಿಬಿದ್ದಳು. ಇಬ್ಬರು ಹೆಂಗಸರು ಎಷ್ಟೇ ಬಡಿದರೂ ದಿನಕ್ಕೆ ಎಂಬತ್ತರ ಮೇಲೆ ಆಗುವುದಿಲ್ಲ. ರುದ್ರವ್ವ ಮಗನ ಎರಡೂ ಕೈ ಹಿಡಿದು, ತಿರುಗಿಸಿ, ಅಂಗೈ ಒತ್ತಿ ನೋಡಿದಳು.

ಮಂಗಳವಾರ, ಬುಧವಾರ ಅವನು ಕಲಿಯುತ್ತ ಬಡಿದ ರೊಟ್ಟಿಗಳನ್ನು ಮನೆಯವರೇ ತಿಂದರು. ಅವುಗಳ ಆಕಾರದ ಬಗ್ಗೆ ಇಲ್ಲಿ ಹೇಳದಿರುವುದು ಒಳ್ಳೆಯದು. ಹಿಟ್ಟನ್ನು ಮಾತ್ರ ಅವನು ಗಂಟಿಲ್ಲದಂತೆ ನಾದುತ್ತಿದ್ದ. ಇಂಥ ನಾದುವ ಕೈ ಕಾಲನಿಯಲ್ಲೇ ಇಲ್ಲ ಎನ್ನಬೇಕೆಂದು ರುದ್ರವ್ವನಿಗೆ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಏನಾಗುತ್ತದೋ ಎಂದು ನುಂಗಿಕೊಂಡಳು.

ಗುರುವಾರ ಬೆಳಿಗ್ಗೆ ಐದಕ್ಕೆ, ಹೊರಗೆ ಮೊದಲ ಲೋಕಲ್ ರೈಲು ಹೋದ ಸದ್ದು ಅಡಗುವ ಮುಂಚೆಯೇ, ಅವಳು ಬಂದು ಅವನ ಭುಜ ಅಲ್ಲಾಡಿಸಿದಳು.

"ಏಳೋ ಬಸು. ಫಸ್ಟ್ ಶಿಫ್ಟ್."

ಹೊಳಬಸಪ್ಪ ಗಡಬಡಿಸಿ ಎದ್ದು ಕೂತ. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ತಡವಾಗಿತ್ತು.